ಮುಖವಾಡದೊಂದಿಗೆ ಮೊದಲ ಮೂವತ್ತು ರಾತ್ರಿಗಳು

ನನಗೆ ಪರಿಚಯವಿರುವ ಮೂರು ಮನೆಗಳಲ್ಲಿ, ಎರಡು ಯಲಹಂಕ ಉಪನಗರದಲ್ಲಿ, ಒಂದು ನಮ್ಮ ಆರ್.ಟಿ. ನಗರದಲ್ಲೇ, ಅಟ್ಟದ ಮೇಲೆ ಒಂದೊಂದು ಚೀಲವಿದೆ. ಹಳೆಯ ಹೊಲಿಗೆ ಯಂತ್ರ, ಗೊಂಬೆ ಪೆಟ್ಟಿಗೆಗಳ ಪಕ್ಕದಲ್ಲಿ ಅದು ಧೂಳು ತಿನ್ನುತ್ತಿದೆ. ಒಳಗಿರುವುದು ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೆ ವೈದ್ಯರು ಕೊಡಿಸಿದ ಸಿಪ್ಯಾಪ್ ಯಂತ್ರ. ಹಲವು ಹತ್ತು ಸಾವಿರ ರೂಪಾಯಿ ಕೊಟ್ಟು ತಂದು, ನಾಲ್ಕೈದು ರಾತ್ರಿ ಹಾಕಿಕೊಂಡು, 'ಇದು ನಮಗೆ ಆಗಿಬರುವುದಿಲ್ಲ' ಎಂದು ಮೇಲೆ ಇಟ್ಟದ್ದು. ಯಂತ್ರ ಅಟ್ಟ ಸೇರಿತು; ಕಾಯಿಲೆ ಮಾತ್ರ ಮಂಚದ ಮೇಲೆಯೇ ಉಳಿಯಿತು. ಆ ಚೀಲವನ್ನು ಕೆಳಗಿಳಿಸಬೇಕೆಂದು ಕೇಳಿಕೊಳ್ಳುವುದೇ ನನ್ನ ಈ ಮಾತುಗಳ ಉದ್ದೇಶ.

ನಾನು ವೈದ್ಯನಲ್ಲ. ಏಳು ವರ್ಷಗಳಿಂದ ಈ ಯಂತ್ರದೊಡನೆ ಮಲಗುತ್ತಿರುವ ಒಬ್ಬ ನಿವೃತ್ತ. ಒಂದು ಸಂಜೆ ಮೇಖ್ರಿ ವೃತ್ತದ ಬಳಿ ಕೆಂಪು ದೀಪಕ್ಕೆ ಕಾರು ನಿಲ್ಲಿಸಿದ್ದೆ. ಹಿಂದಿನವರು ಹಾರ್ನ್ ಬಾರಿಸಿ, ಕೊನೆಗೆ ಒಬ್ಬರು ಇಳಿದು ಬಂದು ಕಿಟಕಿ ತಟ್ಟಿದಾಗಲೇ ನನಗೆ ಎಚ್ಚರ. ಪಕ್ಕದಲ್ಲಿ ಮೊಮ್ಮಗ ಕುಳಿತಿದ್ದ. ಆ ದೀಪ ಹಸಿರಾಗಿದ್ದು, ಕಾರು ಬಳ್ಳಾರಿ ರಸ್ತೆಯಲ್ಲಿ ಓಡುತ್ತಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಮರುವಾರವೇ ವೈದ್ಯರ ಬಳಿ ಹೋದೆ.

ಗೊರಕೆ ಹೊಡೆಯುವವರನ್ನು ನಾವು ಕುಂಭಕರ್ಣನೆಂದು ಹಾಸ್ಯ ಮಾಡುತ್ತೇವೆ. ಗಾಢ ನಿದ್ರೆಯ ಲಕ್ಷಣ ಗೊರಕೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ನಿಜಸ್ಥಿತಿ ಬೇರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಕೆಲವರಲ್ಲಿ ಉಸಿರಿನ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಗೊಂಡು ಮಲಗಿದವನನ್ನು ಅರೆಕ್ಷಣ ಎಬ್ಬಿಸುತ್ತದೆ. ಆತ ಜೋರಾಗಿ ಉಸಿರೆಳೆದು ಮತ್ತೆ ಮಲಗುತ್ತಾನೆ. ಬೆಳಗ್ಗೆ ಇದಾವುದೂ ಅವನಿಗೆ ನೆನಪಿರುವುದಿಲ್ಲ. ತಲೆನೋವು, ಮೈಭಾರ, ಹಗಲು ತೂಕಡಿಕೆ ಮಾತ್ರ ಉಳಿಯುತ್ತವೆ. ಗಂಟೆಗೆ ಇಂಥ ತಡೆಗಳು 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಇದ್ದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ವೈದ್ಯರು ಎಣಿಸುತ್ತಾರೆ. ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುಗಳಿಗೂ ಈ ಕಾಯಿಲೆಗೂ ನಂಟಿದೆ. 'ಆಫ್ರಿಕಾದಲ್ಲಿ ಶೀಲಾ' ಚಿತ್ರದ ಮೂಲಕ ಕನ್ನಡಿಗರಿಗೂ ಪರಿಚಿತರಾದ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ, ಆಸ್ಪತ್ರೆಯ ವೈದ್ಯರು ಕಾರಣವಾಗಿ ಹೇಳಿದ್ದು ಇದೇ ಕಾಯಿಲೆಯ ಹೆಸರನ್ನು.

ಇಲ್ಲಿ ಗೃಹಿಣಿಯರಿಗೆ ಒಂದು ಮಾತು. ಹೆಂಗಸರು ಗೊರಕೆ ಹೊಡೆಯುತ್ತಾರೆಂದು ಹೇಳಿಕೊಳ್ಳಲು ನಮ್ಮ ಮನೆಗಳಲ್ಲಿ ಸಂಕೋಚ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಈ ಕಾಯಿಲೆ ಹೆಚ್ಚುತ್ತದೆ. ಸದಾ ಸುಸ್ತು, ನಿದ್ರೆ ಬಾರದಿರುವುದು, ಬೆಳಗಿನ ತಲೆನೋವು, ಇವನ್ನೆಲ್ಲ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ ಎಂಬುದೂ ನಿಜ. ಪರೀಕ್ಷೆಯೊಂದೇ ಇದನ್ನು ಹೇಳಬಲ್ಲದು. ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆ ತಂತಿಗಳನ್ನು ಅಂಟಿಸಿಕೊಂಡು ಮಲಗುವ ಈ ನಿದ್ರಾ ಪರೀಕ್ಷೆ ಇಂದು ಹೆಬ್ಬಾಳ, ಯಶವಂತಪುರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಆಗುತ್ತದೆ. ಕೆಲವರಿಗೆ ಮನೆಯಲ್ಲೇ ಮಾಡುವುದೂ ಉಂಟು.

ಇನ್ನು ಯಂತ್ರದ ವಿಷಯ. ಇದರ ಕಥೆ ಸ್ವಾರಸ್ಯಕರವಾದದ್ದು. 1980ಕ್ಕೆ ಮೊದಲು ತೀವ್ರ ರೋಗಿಗಳಿಗೆ ಇದ್ದ ಮುಖ್ಯ ಉಪಾಯವೆಂದರೆ ಗಂಟಲಿಗೆ ರಂಧ್ರ ಕೊರೆದು ಉಸಿರಿಗೆ ಬೇರೆ ದಾರಿ ಮಾಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು, ಗಾಳಿಯನ್ನೇ ಒತ್ತಿ ಕಳಿಸಿ ಮುಚ್ಚುವ ದಾರಿಯನ್ನು ತೆರೆದಿಡಬಾರದೇಕೆ ಎಂದು ಯೋಚಿಸಿದರು. ಕಸ ಹೀರುವ ಯಂತ್ರದ ಮೋಟಾರು, ಒಂದು ಕೊಳವೆ, ಮೂಗಿಗೆ ಅಂಟಿಸಿದ ಒಂದು ಮುಖವಾಡ, ಇಷ್ಟೇ ಅವರ ಮೊದಲ ಸಲಕರಣೆ. 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐದು ರೋಗಿಗಳ ಅನುಭವವನ್ನು ಅವರೂ ಅವರ ಸಂಗಡಿಗರೂ ಪ್ರಕಟಿಸಿದರು. ಇಂದು ನಿಮ್ಮ ಮಂಚದ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆ ಅದರ ಮೊಮ್ಮಗು. ಇದರಿಂದ ಬರುವುದು ಆಮ್ಲಜನಕವಲ್ಲ, ನಿಮ್ಮ ಕೋಣೆಯ ಗಾಳಿಯೇ. ಇದು ನಿಮ್ಮ ಬದಲು ಉಸಿರಾಡುವುದೂ ಇಲ್ಲ, ದಾರಿಯನ್ನು ತೆರೆದಿಡುತ್ತದೆ, ಅಷ್ಟೆ. 'ಒಮ್ಮೆ ಹಾಕಿದರೆ ಶ್ವಾಸಕೋಶ ಸೋಮಾರಿಯಾಗುತ್ತದೆ' ಎಂಬ ಮಾತಿಗೆ ಆಧಾರವಿಲ್ಲ.

ಹಾಗಿದ್ದೂ ಜನ ಏಕೆ ಬಿಡುತ್ತಾರೆ? ಮೊದಲ ರಾತ್ರಿಯೇ ಎಂಟು ಗಂಟೆ ಮಲಗಬೇಕೆಂದು ಹೊರಡುತ್ತಾರೆ. ಆಗದಿದ್ದಾಗ ತಪ್ಪು ತಮ್ಮದೆಂದೋ ಯಂತ್ರದ್ದೆಂದೋ ತೀರ್ಮಾನಿಸುತ್ತಾರೆ. ಹೊಸ ಚಪ್ಪಲಿ ಕಾಲು ಕಚ್ಚಿದರೆ ನಡೆಯುವುದನ್ನೇ ಬಿಡುತ್ತೇವೆಯೇ? ಇಲ್ಲೂ ಹಾಗೆಯೇ. ಮೊದಲ ತಿಂಗಳ ತೊಂದರೆಗಳಲ್ಲಿ ಹೆಚ್ಚಿನವು ಹೊಂದಾಣಿಕೆಯ ತೊಂದರೆಗಳು, ಒಂದೊಂದಕ್ಕೂ ಪರಿಹಾರವುಂಟು.

ಅಭ್ಯಾಸವನ್ನು ಹಗಲಿನಲ್ಲೇ ಆರಂಭಿಸಿ. ಸಂಜೆ ದೂರದರ್ಶನ ನೋಡುವಾಗ ಕುರ್ಚಿಯಲ್ಲಿ ಕುಳಿತು ಬರಿಯ ಮುಖವಾಡವನ್ನು ಹದಿನೈದು ನಿಮಿಷ ಧರಿಸಿ. ಎರಡು ದಿನ ಬಿಟ್ಟು ಕೊಳವೆ ಜೋಡಿಸಿ, ಯಂತ್ರ ಹಚ್ಚಿ, ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡಿ. ಆಮೇಲೆ ಮಧ್ಯಾಹ್ನದ ಊಟದ ನಂತರದ ಸಣ್ಣ ನಿದ್ರೆಗೆ, ಕೊನೆಗೆ ರಾತ್ರಿಗೆ. ಉಸಿರು ಕಟ್ಟಿದಂತಾದರೆ, ಒತ್ತಡವನ್ನು ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸುವ ರ್‍ಯಾಂಪ್ ಎಂಬ ಅನುಕೂಲ ಬಹುತೇಕ ಯಂತ್ರಗಳಲ್ಲಿದೆ. ಅದನ್ನು ಹೇಗೆ ಬಳಸುವುದೆಂದು ಕೇಳಿ ತಿಳಿಯಿರಿ. ನಡುರಾತ್ರಿ ಅರಿವಿಲ್ಲದೆ ಕಿತ್ತೆಸೆದಿದ್ದರೆ ಬೇಸರ ಬೇಡ. ಎಚ್ಚರವಾದಾಗ ಮತ್ತೆ ಹಾಕಿಕೊಳ್ಳಿ. ನಾನು ಮೊದಲ ವಾರ ದಿನಕ್ಕೆ ಎರಡು ಗಂಟೆ ದಾಟಲಿಲ್ಲ. ನಾಲ್ಕನೆಯ ವಾರಕ್ಕೆ ಐದು ಗಂಟೆಗೆ ಬಂದೆ.

ಮುಖವಾಡ ಮೂರು ಬಗೆಯದು: ಮೂಗಿನ ಹೊಳ್ಳೆಗೆ ತಾಗುವ ಪುಟ್ಟದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು. ಮೂಗು ಕಟ್ಟುವವರು, ಬಾಯಿಯಿಂದ ಉಸಿರಾಡುವವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು. ಕೂತಾಗ ಸರಿಯೆನಿಸಿದ್ದು ಮಲಗಿದಾಗ ಸೋರಬಹುದು. ಆದ್ದರಿಂದ ಪಟ್ಟಿಗಳನ್ನು ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಹೊಂದಿಸಿ. ಸೋರಿತೆಂದು ಬಿಗಿಯುತ್ತ ಹೋದರೆ ಮೂಗಿನ ಮೇಲೆ ಗಾಯವಾಗುತ್ತದೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮು ಹಚ್ಚುವ ರೂಢಿಯಿದ್ದರೆ ಅದನ್ನು ಬೆಳಗಿಗೆ ಬದಲಿಸಿ. ಜಿಡ್ಡಿದ್ದರೆ ಮುಖವಾಡ ಜಾರುತ್ತದೆ. ಮುಖ ತೊಳೆದು ಮಲಗಿ. ಮುಖವಾಡದ ಮೆತ್ತೆಯನ್ನೂ ದಿನವೂ ಸೌಮ್ಯವಾದ ಸಾಬೂನಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ನಮ್ಮ ಉತ್ತರ ಬೆಂಗಳೂರಿಗೇ ಸೇರಿದ ಕೆಲವು ಸಂಗತಿಗಳಿವೆ. ಯಲಹಂಕದ ಕಡೆ ಎಷ್ಟೋ ಮನೆಗಳಿಗೆ ಕೊಳವೆ ಬಾವಿಯ ಗಡುಸು ನೀರೇ ಗತಿ. ಗಾಳಿಗೆ ತೇವ ಕೊಡುವ ತೊಟ್ಟಿಗೆ ಅದನ್ನು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ. ಭಟ್ಟಿ ಇಳಿಸಿದ ನೀರನ್ನೇ ಬಳಸಿ, ದಿನವೂ ಚೆಲ್ಲಿ ಹೊಸದನ್ನು ತುಂಬಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಳವೆಯೊಳಗೆ ಹನಿ ಕಟ್ಟಿ ಮೂಗಿಗೆ ನೀರು ಚಿಮ್ಮಬಹುದು. ತೇವದ ಮಟ್ಟ ಸ್ವಲ್ಪ ತಗ್ಗಿಸಿ, ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿಡಿ. ಹಾಗೆಂದು ನೆಲದ ಮೇಲೇ ಇಡಬೇಡಿ. ಕಟ್ಟಡ, ರಸ್ತೆ ಕಾಮಗಾರಿಯ ಧೂಳನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಒಂದು ಗಿಡ್ಡ ಮಣೆ ಸಾಕು. ಗಾಳಿ ಸೋಸುವ ಫಿಲ್ಟರನ್ನು ಆಗಾಗ ನೋಡುತ್ತಿರಿ. ಯಂತ್ರವಿರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಬೇಡ. ಸೊಳ್ಳೆ ಪರದೆಯೇ ಒಳ್ಳೆಯದು.

ಮಳೆಗಾಲದ ರಾತ್ರಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. 'ಮುಖವಾಡದಲ್ಲಿದ್ದಾಗ ಕರೆಂಟು ಹೋದರೆ ಉಸಿರು ಕಟ್ಟಿ ಸಾಯುವುದಿಲ್ಲವೇ?' ಎಂದು ಕೇಳುವವರಿದ್ದಾರೆ. ಮುಖವಾಡದಲ್ಲಿ ಗಾಳಿ ಹೊರಹೋಗುವ ರಂಧ್ರಗಳಿರುತ್ತವೆ. ಮೂಗು ಬಾಯಿ ಎರಡನ್ನೂ ಮುಚ್ಚುವಂಥದ್ದರಲ್ಲಿ ತಾನೇ ತೆರೆದುಕೊಳ್ಳುವ ಒಂದು ಕವಾಟವೂ ಇರುತ್ತದೆ. ಎಚ್ಚರವಾದರೆ ಅದನ್ನು ಕಳಚಿಡಿ. ಇನ್‌ವರ್ಟರ್ ಇರುವವರು ತೇವದ ತೊಟ್ಟಿಯ ಬಿಸಿಯನ್ನು ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಯಶವಂತಪುರದಲ್ಲಿ ರಾತ್ರಿ ರೈಲು ಹತ್ತುವವರು ಬೋಗಿಯ ಮೊಬೈಲ್ ಪ್ಲಗ್ಗನ್ನು ನೆಚ್ಚಬೇಡಿ. ರಾತ್ರಿ ಹೊತ್ತು ಅದನ್ನು ನಿಲ್ಲಿಸುವುದೂ ಉಂಟು.

ಎಷ್ಟು ಗಂಟೆ ಹಾಕಿಕೊಂಡರೆ ಸಾಕು? ಮಲಗಿರುವಷ್ಟು ಹೊತ್ತೂ ಎಂಬುದೇ ಸರಿಯಾದ ಉತ್ತರ. 2016ರಲ್ಲಿ ಸೇವ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಭಾರತವೂ ಸೇರಿ ಏಳು ದೇಶಗಳ 2,700ಕ್ಕೂ ಹೆಚ್ಚು ಹೃದ್ರೋಗ, ಪಾರ್ಶ್ವವಾಯು ಪೀಡಿತರು ಅದರಲ್ಲಿದ್ದರು. ಯಂತ್ರ ಪಡೆದವರ ಹಗಲು ತೂಕಡಿಕೆ ಇಳಿಯಿತು, ಮನಸ್ಸು ಹಗುರಾಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಹೆಚ್ಚು ಹೊತ್ತು ಬಳಸಿದ್ದರೆ ಫಲ ಬೇರೆಯಾಗುತ್ತಿತ್ತೇ ಎಂಬ ಚರ್ಚೆ ವೈದ್ಯರಲ್ಲಿ ನಡೆದೇ ಇದೆ. ಕಾಟಾಚಾರಕ್ಕೆ ಅರ್ಧ ರಾತ್ರಿ ಹಾಕಿಕೊಂಡು, ಮಾತ್ರೆ ನಿಲ್ಲಿಸಿ ನಿಶ್ಚಿಂತರಾಗಬೇಡಿ ಎಂಬುದು ಮಾತ್ರ ಇದರಿಂದ ನಮಗೆ ಸ್ಪಷ್ಟ.

ಮದ್ಯ ಮತ್ತು ನಿದ್ರೆಯ ಮಾತ್ರೆ ಗಂಟಲನ್ನು ಇನ್ನಷ್ಟು ಸಡಿಲಗೊಳಿಸಬಲ್ಲವು. ಯಂತ್ರದೊಡನೆ ನಿದ್ರೆ ಬರಲಿಲ್ಲವೆಂದು ನೀವಾಗಿಯೇ ಅವುಗಳ ಮೊರೆ ಹೋಗಬೇಡಿ. ಒತ್ತಡದ ಅಂಕಿಯನ್ನೂ ವೈದ್ಯರನ್ನು ಕೇಳದೆ ತಿರುಗಿಸಬೇಡಿ. ಬೇರೆಯವರು ಬಳಸಿದ ಯಂತ್ರವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಸದ್ದಡಗಿಸುವ ಫೋಮು ಒಳಗೇ ಪುಡಿಯಾಗುತ್ತದೆಂದು 2021ರಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ಕೊನೆಯದಾಗಿ ಮನೆಯವರಿಗೆ ಒಂದು ಬಿನ್ನಹ. ಈ ಮುಖವಾಡ ಬಿಡುವವರಲ್ಲಿ ಎಷ್ಟೋ ಮಂದಿ ಬಿಡುವುದು ನಾಚಿಕೆಯಿಂದ. ಬೀಗರ ಮನೆಯಲ್ಲಿ ಹೇಗೆ ಹಾಕಿಕೊಳ್ಳುವುದು, ಮಕ್ಕಳು ನಗುತ್ತಾರೆ ಎಂದು. ನಮ್ಮ ಮೊಮ್ಮಗ ಯಲಹಂಕದ ವಿಮಾನ ಪ್ರದರ್ಶನ ನೋಡಿ ಬಂದವನು, ಮೊದಲ ದಿನ ನನ್ನನ್ನು ಕಂಡು, 'ಅಜ್ಜಿ, ತಾತ ಫೈಟರ್ ಪ್ಲೇನ್ ಓಡಿಸ್ತಾರೆ!' ಎಂದು ಕೂಗಿದ. ನಾನೂ ನಕ್ಕುಬಿಟ್ಟೆ, ಅಲ್ಲಿಗೆ ನಾಚಿಕೆ ಮುಗಿಯಿತು. ಇನ್ನು ನನ್ನ ಪತ್ನಿ. ಮೂವತ್ತು ವರ್ಷ ಗೊರಕೆಯ ಪಕ್ಕದಲ್ಲಿ ಮಲಗಿದವಳಿಗೆ ಆ ನಿಶ್ಶಬ್ದವೇ ಭಯವಾಯಿತು. ಎರಡು ಗಂಟೆಗೆ ದೀಪ ಹಾಕಿ, 'ರೀ, ಉಸಿರಾಡ್ತಾ ಇದ್ದೀರಾ?' ಎಂದು ನನ್ನ ಎದೆಯ ಮೇಲೆ ಕೈಯಿಟ್ಟಳು. ಗೊರಕೆ ನಿಂತಾಗಲೆಲ್ಲ ಉಸಿರೂ ನಿಂತಿತೆಂದು ಅವಳು ಅಷ್ಟೂ ವರ್ಷ ಎಣಿಸುತ್ತ ಎಚ್ಚರವಿರುತ್ತಿದ್ದಳೆಂದು ನನಗೆ ತಿಳಿದದ್ದು ಆ ರಾತ್ರಿ. ಈಗ ಅವಳೂ ಮಲಗುತ್ತಾಳೆ.

ಅಟ್ಟದ ಮೇಲಿನ ಚೀಲ ನಿಮ್ಮ ಮನೆಯಲ್ಲೂ ಇದ್ದರೆ, ದಯಮಾಡಿ ಇಂದೇ ಇಳಿಸಿ, ಧೂಳು ಒರೆಸಿ. ನಾಳೆಯೇ ಹಾಕಿಕೊಳ್ಳಬೇಕೆಂದಿಲ್ಲ, ಮೊದಲು ಅದನ್ನು ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ, ಏನು ಕಷ್ಟವಾಯಿತೆಂದು ಹೇಳಿ. ಮೂವತ್ತು ರಾತ್ರಿಗಳ ತಾಳ್ಮೆ ಸಾಕು. ನಿಮ್ಮ ಪಕ್ಕದಲ್ಲಿ ಮಲಗುವವರ ನಿದ್ರೆಯೂ ನಿಮ್ಮ ಕೈಯಲ್ಲಿದೆ.