ರಟ್ಟಿನ ತ್ರಿಭುಜ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ಗಣಿತ ಶಿಕ್ಷಕರು ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಕೆಲವರಿಗೆ ನನ್ನ ಬೆತ್ತ ನೆನಪಿರಬಹುದು. ಇವತ್ತು ಅದನ್ನು ತಂದಿಲ್ಲ. ಒಂದು ರಟ್ಟಿನ ತ್ರಿಭುಜ ತಂದಿದ್ದೇನೆ. ಲಂಬಕೋನ ತ್ರಿಭುಜ, ಬಾಹುಗಳು 3, 4, 5 ಸೆಂಟಿಮೀಟರ್.

4 ಸೆಂ.ಮೀ. ಬಾಹುವಿಗೆ ಕಡ್ಡಿ ಅಂಟಿಸಿ ಗಿರ್ರನೆ ತಿರುಗಿಸಿದರೆ ಶಂಕು ಕಾಣುತ್ತದೆ. ಒಮ್ಮೆ ಹತ್ತನೇ ತರಗತಿಯಲ್ಲಿ ಕೇಳಿದೆ: ಕಡ್ಡಿಯನ್ನು 3 ಸೆಂ.ಮೀ. ಬಾಹುವಿಗೆ ಅಂಟಿಸಿ ತಿರುಗಿಸಿದರೂ ಘನಫಲ ಇಷ್ಟೇ ಬರುತ್ತದೆಯೇ? "ಅದೇ ತ್ರಿಭುಜ ಅಲ್ವಾ ಸಾರ್, ಅಷ್ಟೇ" ಎಂದಿತು ತರಗತಿ. ಕೊನೆಯ ಬೆಂಚಿನಿಂದ ಕುಂಬಾರರ ಮನೆಯ ಹುಡುಗ ಎದ್ದ. "ಇಲ್ಲ ಸಾರ್, ಗಿಡ್ಡ ಇದ್ರೂ ಅಗಲ ಇರೋದೇ ಜಾಸ್ತಿ ಹಿಡಿಯುತ್ತೆ." ಸೂತ್ರ ಹೇಳು ಎಂದೆ. ಬರಲಿಲ್ಲ. ಕೂತ್ಕೋ ಎಂದೆ.

ಬೋರ್ಡಿನ ಮೇಲೆ ಲೆಕ್ಕ ಮಾಡಿದಾಗ ಮೊದಲನೆಯದು 12 ಪೈ, ಎಂದರೆ ಸುಮಾರು 37.7 ಘನ ಸೆಂ.ಮೀ.; ಎರಡನೆಯದು 16 ಪೈ, ಸುಮಾರು 50.3. ಎತ್ತರ ಒಂದೇ ಸಲ ಗುಣಿಸುತ್ತದೆ, ತ್ರಿಜ್ಯ ಎರಡು ಸಲ. (ವಿಕರ್ಣದ ಮೇಲೆ ತಿರುಗಿಸಿದರೆ ತಳಕ್ಕೆ ತಳ ಕೂಡಿದ ಎರಡು ಶಂಕುಗಳು ಬರುತ್ತವೆ, ಒಟ್ಟು ಸುಮಾರು 30.2 ಮಾತ್ರ. ಮಕ್ಕಳು ಮನೆಯಲ್ಲಿ ಮಾಡಿ ನೋಡಿ.) ಹುಡುಗ ಹೇಳಿದ್ದೇ ಸರಿ. ಆದರೆ ಅವನ ಹೆಸರೆತ್ತದೆ ಮುಂದಿನ ಲೆಕ್ಕಕ್ಕೆ ಹೋದೆ. ಆ ವರ್ಷ ಅವನು ಗಣಿತದಲ್ಲಿ ನಪಾಸಾದ, ಮತ್ತೆ ಶಾಲೆಯ ಕಡೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹರವಿ ಕೊಳ್ಳಲು ಅವನ ಮನೆಗೆ ಹೋಗಿದ್ದೆ. ತಿಗರಿಯ ಮೇಲಿನ ಹಸಿ ಮಡಕೆಯ ಬುಡಕ್ಕೆ ದಾರ ಹಾಯಿಸಿ ಬಿಡಿಸುತ್ತಿದ್ದ. "ದಾರ ಮಟ್ಟವಾಗಿ ಹೋಗಬೇಕು ಸಾರ್, ಓರೆಯಾದ್ರೆ ವಾಲುತ್ತೆ" ಎಂದ. ನಾನು ಅಡ್ಡಕೊಯ್ತ ಎಂದು ಚಿತ್ರ ಬರೆಸುತ್ತಿದ್ದುದು ಅದನ್ನೇ. ಮಟ್ಟವಾಗಿ ಕೊಯ್ದರೆ ವೃತ್ತ, ಓರೆಯಾದರೆ ಉದ್ದನೆಯ ಮೊಟ್ಟೆಯಾಕಾರ. ಒಡೆದ ಮಡಕೆಯೊಂದು ನಡುಮಧ್ಯಕ್ಕೆ ಸೀಳಿಕೊಂಡು ಬಿದ್ದಿತ್ತು. ಅದರ ಅಂಚಿನಲ್ಲಿ ಅವನ ಬೆರಳು ಹಿಡಿದ ವಕ್ರರೇಖೆ ಎಡಕ್ಕೊಂದು, ಬಲಕ್ಕೊಂದು ಹಾಗೇ ಕಾಣುತ್ತಿತ್ತು. ಶಂಕುವನ್ನು ಅಕ್ಷದಗುಂಟ ಸೀಳಿದರೂ ಹೀಗೇ, ತಿರುಗಿಸಿದ ತ್ರಿಭುಜವೇ ಜೋಡಿಯಾಗಿ ಸಿಗುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದ ನನಗೆ ಅದು ಕಣ್ಣಿಗೆ ಬಿದ್ದದ್ದು ಆವತ್ತು.

ಅವನು ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಅಪ್ಪಾ, ಆವತ್ತು ನೀನು ಹೇಳಿದ್ದು ಸರಿಯಾಗಿತ್ತು. ತರಗತಿಯ ಮುಂದೆಯೇ ಹೇಳಬೇಕಿತ್ತು, ಹೇಳಲಿಲ್ಲ.

ಈ ತ್ರಿಭುಜ, ಕಡ್ಡಿ ಎರಡನ್ನೂ ಈಗಿನ ಗಣಿತದ ಮೇಷ್ಟ್ರಿಗೆ ಕೊಟ್ಟು ಹೋಗುತ್ತೇನೆ.