ಸೈನಿಕ ಭಾಷಾ ಶಾಲೆಯ ದಿನಚರಿ



ಸೈನಿಕ ಶಾಲೆಯೆಂದೊಡನೆ ಬಂದೂಕು, ಕವಾಯತುಗಳು ಕಣ್ಣ ಮುಂದೆ ನಿಲ್ಲುತ್ತವೆ. 1941ರ ನವೆಂಬರ್ 1ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಶಾಲೆಯ ಆಯುಧವಾದರೋ ನಿಘಂಟು. ಬಳಕೆ ತಪ್ಪಿದ ವಿಮಾನ ಕೊಟ್ಟಿಗೆಯೇ ಅದರ ಕಟ್ಟಡ. ನಾಲ್ವರು ಅಧ್ಯಾಪಕರು, 60 ವಿದ್ಯಾರ್ಥಿಗಳು. ಇವರಲ್ಲಿ 58 ಮಂದಿ ಜಪಾನೀ ಸಂತತಿಯ ಅಮೆರಿಕನ್ನರು. ಅವರಿಗೆ ಕಲಿಸಬೇಕಾಗಿದ್ದುದು ಜಪಾನೀ ಭಾಷೆಯನ್ನೇ! ಮನೆಯಲ್ಲಿ ಆಡುವ ನುಡಿ ಓದುಬರಹಕ್ಕೆ ಸಾಲದೆಂಬುದನ್ನು ಪರಪ್ರಾಂತದಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1942ರಲ್ಲಿ ಶಾಲೆಯು ಮಿನ್ನೆಸೋಟ ರಾಜ್ಯದ ಕ್ಯಾಂಪ್ ಸ್ಯಾವೇಜ್‌ಗೆ ಸ್ಥಳಾಂತರಗೊಂಡಿತು. ಹಗಲೆಲ್ಲ ತರಗತಿ, ರಾತ್ರಿಯೂಟದ ತರುವಾಯ ಒಂಬತ್ತರವರೆಗೆ ಕಡ್ಡಾಯ ಅಭ್ಯಾಸ, ಶನಿವಾರ ಪರೀಕ್ಷೆ. ಚೀನೀ ಮೂಲದ ಲಿಪಿಚಿಹ್ನೆಗಳು, ಸೈನಿಕ ಪರಿಭಾಷೆ, ‘ಸೋಶೊ’ ಎಂಬ ಅವಸರದ ಕೈಬರಹ, ಸೆರೆಯಾಳುಗಳನ್ನು ಪ್ರಶ್ನಿಸುವ ಕ್ರಮ, ಇಷ್ಟೂ ಸುಮಾರು ಆರು ತಿಂಗಳಲ್ಲಿ ಕರಗತವಾಗಬೇಕಿತ್ತು. ಹತ್ತು ಗಂಟೆಗೆ ದೀಪಗಳು ಆರುತ್ತಿದ್ದವು. ಆಗ ಪಾಠದಲ್ಲಿ ಹಿಂದುಳಿದವರು ಪುಸ್ತಕ ಹಿಡಿದು, ದೀಪ ಉರಿಯುತ್ತಿದ್ದ ಶೌಚಾಲಯಕ್ಕೆ ಹೋಗಿ ಓದು ಮುಂದುವರಿಸುತ್ತಿದ್ದರು. ಅಧಿಕಾರಿಗಳು ಕಂಡರೆ ಎಬ್ಬಿಸಿ ಮಲಗಲು ಕಳುಹಿಸುತ್ತಿದ್ದರು.

ಇದೇ ವರ್ಷ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಸರ್ಕಾರವು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. ಹಾಗೆ ಸೆರೆಯಾದವರು ಸುಮಾರು 1,20,000 ಮಂದಿ. ಅನೇಕ ವಿದ್ಯಾರ್ಥಿಗಳ ತಂದೆತಾಯಿಗಳು ಅವರಲ್ಲಿದ್ದರು. ಕೆಲವು ವಿದ್ಯಾರ್ಥಿಗಳಂತೂ ಆ ಶಿಬಿರಗಳಿಂದಲೇ ಆಯ್ಕೆಯಾಗಿ ಬಂದವರು. ರಜೆ ದೊರೆತಾಗ, ಸಮವಸ್ತ್ರ ತೊಟ್ಟ ಮಗನು ಹೆತ್ತವರನ್ನು ಕಾಣಲು ತನ್ನದೇ ಸೇನೆಯ ಕಾವಲುಗಾರರನ್ನು ದಾಟಿ ಒಳಹೋಗಬೇಕಾಗಿತ್ತು.

1946ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಗೆ ಬಂದ ಈ ಶಾಲೆ ಇಂದಿಗೂ ನಡೆಯುತ್ತಿದೆ. ಅರಬ್ಬಿ, ಚೀನೀ, ಕೊರಿಯನ್ ಭಾಷೆಗಳನ್ನು ಈಗ ಒಂದು ವರ್ಷಕ್ಕೂ ಹೆಚ್ಚು ಕಾಲ ಕಲಿಸಲಾಗುತ್ತದೆ.