ನೂಲು, ಮಗ್ಗ ಮತ್ತು ಮಕ್ಕಳ ಭಯ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಸೇಲಂ ಸೀಮೆಯ ದೇವಾಂಗ ನೇಕಾರರನ್ನು ಕೇಳಿದರೆ, ನೂಲಷ್ಟೇ ಸೀರೆಯಲ್ಲ, ಮಗ್ಗವೂ ಕೈಯೂ ಸೇರಬೇಕು ಎಂದಾರು. ಮಕ್ಕಳ ಭಯ, ಅಭ್ಯಾಸಗಳ ವಿಷಯದಲ್ಲಿ ಮಾತ್ರ ನಾವು ನೂಲನ್ನಷ್ಟೇ ನೋಡಿ, "ವಂಶದಲ್ಲೇ ಇದೆ" ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ತಲೆಮಾರಿನಿಂದ ತಲೆಮಾರಿಗೆ ಬರುವುದೆಲ್ಲ ರಕ್ತದಿಂದಲೇ ಬರುವುದಿಲ್ಲ. ಧರ್ಮಪುರಿ ಜಿಲ್ಲೆಯ ಹಲವು ಊರುಗಳಲ್ಲಿ ತಂದೆಯ ಹಲ್ಲಿನಲ್ಲೂ ಕಂದು ಕಲೆ, ಮಗನ ಹಲ್ಲಿನಲ್ಲೂ ಕಂದು ಕಲೆ. ನೋಡಿದವರಿಗೆ ಅದು ಮನೆತನದ ಗುರುತೆಂದೇ ತೋರುತ್ತದೆ. ವಾಸ್ತವದಲ್ಲಿ ಅದು ಅಂತರ್ಜಲದ ಫ್ಲೋರೈಡಿನ ಗುರುತು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿನ ನೀರನ್ನು ಕುಡಿಯುತ್ತ ಬೆಳೆದರೆ ಕಲೆ ಹಲ್ಲಿನೊಡನೆಯೇ ಮೂಡಿಬರುತ್ತದೆ. ಒಂದೇ ನೀರು ಕುಡಿದವರೆಲ್ಲರ ಹಲ್ಲೂ ಒಂದೇ ಪ್ರಮಾಣದಲ್ಲಿ ಕೆಡುವುದಿಲ್ಲ. ದೇಹಪ್ರಕೃತಿಗೂ ಅಲ್ಲಿ ಪಾಲುಂಟು, ನಿಜ. ಆದರೂ ಎಲ್ಲವೂ ವಂಶದ ದೋಷವೆಂದು ಕೈಕಟ್ಟಿ ಕುಳಿತಿದ್ದರೆ 2013ರಲ್ಲಿ ಹೊಗೇನಕಲ್ ಯೋಜನೆಯ ಕಾವೇರಿ ನೀರು ನಮ್ಮ ಸೀಮೆಗೆ ಬರುತ್ತಿರಲಿಲ್ಲ.

ಭಯದ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬೌಚಾರ್ಡ್ 1979ರಿಂದ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಏಕರೂಪಿ ಅವಳಿಗಳನ್ನು ಅಧ್ಯಯನ ಮಾಡಿದರು. ಸ್ವಭಾವದಲ್ಲಿ ಅವರಿಗೆ ಗಣನೀಯ ಹೋಲಿಕೆಯಿತ್ತು. ಆದರೂ ಒಬ್ಬರು ಇನ್ನೊಬ್ಬರ ಪಡಿಯಚ್ಚಾಗಿರಲಿಲ್ಲ. ಬೇಗ ಬೆದರುವ ಸ್ವಭಾವ ಹುಟ್ಟಿನಿಂದ ಬರಬಹುದು. ಯಾವುದಕ್ಕೆ ಬೆದರಬೇಕೆಂಬುದನ್ನು ಬಹುಪಾಲು ನಾವೇ ಕಲಿಸುತ್ತೇವೆ.

1980ರ ದಶಕದಲ್ಲಿ ಸೂಸನ್ ಮಿನೇಕ ಎಂಬ ವಿಜ್ಞಾನಿ ನಡೆಸಿದ ಪ್ರಯೋಗಗಳು ಇದಕ್ಕೆ ಸಾಕ್ಷಿ. ಕಾಡಿನಲ್ಲಿ ಬೆಳೆದ ಕೋತಿಗಳು ಹಾವನ್ನು ಕಂಡರೆ ಹೆದರುತ್ತಿದ್ದವು. ಪ್ರಯೋಗಾಲಯದಲ್ಲಿ ಬೆಳೆದವು ಹೆದರುತ್ತಿರಲಿಲ್ಲ. ಆದರೆ ಹೆದರುವ ಕೋತಿಯನ್ನು ಕೆಲವು ನಿಮಿಷ ನೋಡಿದೊಡನೆ ಇವಕ್ಕೂ ಆ ಭಯ ಅಂಟಿತು. ಹೂವಿಗೆ ಹೆದರುವಂತೆ ತೋರಿಸಿದ ಚಿತ್ರದಿಂದ ಮಾತ್ರ ಯಾವ ಕೋತಿಯೂ ಹೂವಿಗೆ ಹೆದರಲು ಕಲಿಯಲಿಲ್ಲ. ಅಷ್ಟರಮಟ್ಟಿಗೆ ನೂಲಿನ ಗುಣ ಇದ್ದೇ ಇದೆ. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಫಲಿತಾಂಶ. ಹಾವಿನೆದುರು ನಿರಾತಂಕವಾಗಿದ್ದ ಕೋತಿಯನ್ನು ಮೊದಲೇ ನೋಡಿದ್ದವುಗಳಲ್ಲಿ ಹೆಚ್ಚಿನವಕ್ಕೆ, ಮುಂದೆ ಹೆದರುವ ಕೋತಿಯನ್ನು ತೋರಿಸಿದರೂ ಭಯ ಅಂಟಲಿಲ್ಲ. ಸಿಡುಬಿಗೆ ಮೊದಲೇ ಚುಚ್ಚುಮದ್ದು ಹಾಕಿಸಿದಂತೆ!

ನಮ್ಮ ಮಕ್ಕಳಿಗೆ ಹಾವಿಗಿಂತ ಹತ್ತಿರದ ಭಯಗಳಿವೆ. 2006ರ ಕಾಯಿದೆಯ ತರುವಾಯ ಈ ರಾಜ್ಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೂ ತಮಿಳು ಕಡ್ಡಾಯ ಪಾಠವಾಯಿತು. ಆ ಕಾಯಿದೆಯ ಕುರಿತು ದೊಡ್ಡವರಲ್ಲಿ ಭಿನ್ನಾಭಿಪ್ರಾಯವಿರಲಿ. ಸಂತೆಯಲ್ಲಿ ತಮಿಳನ್ನು ನಿರರ್ಗಳವಾಗಿ ಆಡುವ ಮಗುವಿಗೆ ಪುಸ್ತಕದ ತಮಿಳಿನ ಅಳುಕು ರಕ್ತದಿಂದ ಬಂದುದಲ್ಲ. ಗಣಿತದ್ದೂ ಅಷ್ಟೇ.

ಆದುದರಿಂದ ಪೋಷಕರಲ್ಲಿ ನನ್ನದೊಂದು ವಿನಂತಿ. "ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಹತ್ತದು" ಎನ್ನುವುದಿದ್ದರೆ ಮಗುವನ್ನು ಆಟದ ಬಯಲಿಗೆ ಕಳುಹಿಸಿ ನನ್ನೊಡನೆ ಹೇಳಿರಿ. ಸಂಜೆ ಹಾಲಿನ ಲೆಕ್ಕವನ್ನೋ ಚೀಟಿಯ ಲೆಕ್ಕವನ್ನೋ ಬರೆಯುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಕೂಡಿದ್ದು ತಪ್ಪಾದರೆ, ನೀವು ನಕ್ಕು, ಹೊಡೆದುಹಾಕಿ, ಮತ್ತೆ ಕೂಡುವುದನ್ನು ಅವನು ನೋಡಲಿ.